ಹುಲಿಗೆಮ್ಮ ಅಕ್ಕೋರ ‘ಇನ್ನೂ ಗೊತ್ತಿಲ್ಲ’ ಗೋಡೆ

ನಾನು ಏಳನೆಯ ತರಗತಿಯಲ್ಲಿದ್ದ ಆ ದಿನಗಳ ಬಗ್ಗೆ ನಮ್ಮೂರಿನಲ್ಲಿ ಒಂದು ಕತೆ ಓಡಾಡುತ್ತದೆ. ಅದನ್ನು ಎಲ್ಲರಿಗಿಂತ ಹೆಚ್ಚು ಸಲ ಹೇಳಿದವನು ನನ್ನ ಅಪ್ಪ. ಚಹಾದಂಗಡಿಯಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ, ಬಸ್ಸು ತಡವಾದರೆ ನಿಲ್ದಾಣದ ಕಟ್ಟೆಯ ಮೇಲೆ. “ಆಗ ಮಾಸ್ತರ ಮುಂದ ಬಾಯಿ ತೆಗಿಯೋರು ಯಾರಿದ್ರು? ನಮ್ಮ ಶಿವಲೀಲಾ ಒಂದು ಪ್ರಶ್ನೆ ಕೇಳಿದ್ಲು ನೋಡ್ರಿ, ಇಂಗ್ಲಿಷ್ ಅಕ್ಕೋರು ಗಪ್ಪಾದ್ರು. ಮುಂದಿನ ವಾರ ಊರು ಬಿಟ್ರು.” ನಾನು ಗಂಗಾವತಿಯ ಕಾಲೇಜಿಗೆ ಸೇರಿ ಚರ್ಚಾಸ್ಪರ್ಧೆಗಳಲ್ಲಿ ಗೆಲ್ಲತೊಡಗಿದ ಮೇಲೆ ಈ ಕತೆಗೆ ಇನ್ನೊಂದು ಸಾಲು ಸೇರಿತು: ಅದೇ ನನ್ನ ಮೊದಲ ಗೆಲುವಂತೆ.

ಈ ಕತೆಯಲ್ಲಿ ನನ್ನ ಹೆಸರು ಸರಿಯಾಗಿದೆ. ಅಕ್ಕೋರು ಊರು ಬಿಟ್ಟದ್ದೂ ಸರಿ. ಮಿಕ್ಕಿದ್ದನ್ನು ನಾನು ಒಪ್ಪುವುದಿಲ್ಲ. ಅಕ್ಕೋರು ಗಪ್ಪಾಗಿರಲಿಲ್ಲ. ಇಡೀ ತರಗತಿಯೆದುರು ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರು, ಆ ಮಾತೇ ಅವರಿಗೆ ಮುಳುವಾಯಿತು. ಅದನ್ನು ಮುಳುವಾಗಿಸಿದವರಲ್ಲಿ ನಾನೂ ಒಬ್ಬಳು. ಅಪ್ಪನ ಕತೆಯಲ್ಲಿ ಈ ಭಾಗ ಬರುವುದೇ ಇಲ್ಲ.

ಗಂಗಾವತಿ ಸೀಮೆಯ ಸಿದ್ದಾಪುರದಿಂದ ಸ್ವಲ್ಪ ಒಳಗೆ, ಕಾಲುವೆಯ ಅಂಚಿಗಿರುವ ಊರು ನಮ್ಮದು. ಅಪ್ಪ ಉಪಕಾಲುವೆಯ ಗೇಟು ಎತ್ತಿ ಇಳಿಸುವ ದಿನಗೂಲಿ ಕೆಲಸದಲ್ಲಿದ್ದ. ಅವ್ವ ಭತ್ತದ ನಾಟಿಗೆ, ಕಳೆ ತೆಗೆಯಲು ಹೋಗುತ್ತಿದ್ದಳು. ನಮ್ಮ ವರ್ಷ ಶುರುವಾಗುತ್ತಿದ್ದುದು ಕಾಲುವೆಗೆ ನೀರು ಬಿಟ್ಟ ದಿನ. ಬೇಸಿಗೆಯಿಡೀ ಬಿರಿದು ಬಿದ್ದಿದ್ದ ಕಾಲುವೆಯ ತಳದಲ್ಲಿ ಕೆಂಪು ನೀರಿನ ತಲೆ ಕಸಕಡ್ಡಿ ನೂಕಿಕೊಂಡು ಬರುತ್ತಿತ್ತು. ನಾವು ದಂಡೆಯ ಮೇಲೆ ಅದರ ಜೊತೆಗೇ ಓಡುತ್ತಿದ್ದೆವು. ಆಮೇಲಿನ ನಾಲ್ಕೈದು ತಿಂಗಳು ಊರಿನ ವಾಸನೆಯೇ ಬೇರೆ. ಬೆಳಿಗ್ಗೆ ಕೆಸರು, ಮಧ್ಯಾಹ್ನ ಔಷಧಿ ಹೊಡೆದ ಗದ್ದೆಯ ಘಾಟು, ಸಂಜೆ ರೈಸ್‌ಮಿಲ್ಲಿನಿಂದ ಬರುವ ಕುದಿಸಿದ ಭತ್ತದ ಹಬೆ. ಮಿಲ್ಲಿನ ಹೊಟ್ಟಿನ ಬೂದಿ ನಮ್ಮ ಬಿಳಿ ರಿಬ್ಬನ್ನಿನ ಮೇಲೆ ಕೂರುತ್ತಿತ್ತು.

ಹುಲಿಗೆಮ್ಮ ಅಕ್ಕೋರು ಬಂದದ್ದು ಆ ವರ್ಷ ನೀರು ಬಂದ ವಾರವೇ. ನಮ್ಮ ಕಡೆ ಹೆಣ್ಣು ಶಿಕ್ಷಕಿಯರಿಗೆ ಅಕ್ಕೋರು ಎನ್ನುವುದು ರೂಢಿ. ಅವರು ಕಾಯಂ ಶಿಕ್ಷಕಿಯಲ್ಲ, ಅತಿಥಿ ಶಿಕ್ಷಕಿ. ಅಂದರೆ ಶಾಲೆಯ ಕಮಿಟಿ ಬೇಕೆಂದರೆ ಇರುತ್ತಾರೆ, ಬೇಡವೆಂದರೆ ಹೋಗುತ್ತಾರೆ. ಇಟಗಿ ಕಡೆಯ ಕುರಿ ಸಾಕುವ ಮನೆಯವರು. ಆ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲ ಹೆಣ್ಣುಮಗಳು. ಸಿದ್ದಾಪುರದಲ್ಲಿ ಒಂದು ಖೋಲಿ ಹಿಡಿದು, ದಿನಾ ಟಂಟಂ ಆಟೋದಲ್ಲಿ ಬರುತ್ತಿದ್ದರು. ಬುತ್ತಿಯಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. ಮೂರು ಹೊತ್ತೂ ಅನ್ನ ಉಣ್ಣುವ ನಮಗೆ ಆ ರೊಟ್ಟಿಯ ಮೇಲಿನ ಎಳ್ಳು ಕಂಡರೆ ಆಸೆ. ಒಂದು ತುಂಡಿಗಾಗಿ ನಾವು ಜಗಳಾಡಿದ್ದೂ ಉಂಟು.

ಅವರು ಬಂದ ಎರಡನೆಯ ದಿನ ನನ್ನ ಪಕ್ಕದಲ್ಲಿ ಕೂರುತ್ತಿದ್ದ ರೇಣುಕಾ ಎದ್ದು ನಿಂತಳು. ‘ಪುಟ್’ ಸರಿ, ಆದರೆ ಅದರಂತೆಯೇ ‘ಯು’, ‘ಟಿ’ ಇರುವ ‘ಬಟ್’ ಯಾಕೆ ‘ಬುಟ್’ ಆಗುವುದಿಲ್ಲ ಎಂದು ಕೇಳಿದಳು. ಹಿಂದಿನ ಮಾಸ್ತರಿದ್ದಿದ್ದರೆ ಮೊದಲು ಕಾಗುಣಿತ ನೆಟ್ಟಗೆ ಬರಿ ಎಂದು ಕಿವಿ ಹಿಂಡುತ್ತಿದ್ದರು. ಅಕ್ಕೋರು ಸೀಮೆಸುಣ್ಣ ಹಿಡಿದು ಎರಡೂ ಪದಗಳನ್ನು ಬೋರ್ಡಿನ ಮೇಲೆ ಬರೆದು ನೋಡಿದರು. ಆಮೇಲೆ, ಊಟ ಆಯಿತು ಎಂದಷ್ಟೇ ಸಲೀಸಾಗಿ, “ನನಗ ಗೊತ್ತಿಲ್ಲ” ಅಂದರು.

ಆ ಮಾತನ್ನು ಮಾಸ್ತರೊಬ್ಬರ ಬಾಯಲ್ಲಿ ನಾವು ಅಲ್ಲಿಯವರೆಗೆ ಕೇಳಿರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಕ್ಕೋರು ಬೈಯಲಿಲ್ಲ. ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ, ಶಾಲೆಯ ಹಿಂದೆ ಊಟದ ತಟ್ಟೆ ತೊಳೆಯುವ ನೀರಿನ ತೊಟ್ಟಿಯ ಎದುರಿನ ಸಿಮೆಂಟು ಗೋಡೆಯ ಮುಂದೆ ನಿಲ್ಲಿಸಿದರು. ಮೇಲೆ ತಗಡು ಚಾಚಿದ್ದರಿಂದ ಆ ಗೋಡೆಗೆ ಮಳೆ ತಾಗುತ್ತಿರಲಿಲ್ಲ. ಅದರ ಮೇಲೆ ದೊಡ್ಡದಾಗಿ ‘ಇನ್ನೂ ಗೊತ್ತಿಲ್ಲ’ ಎಂದು ಬರೆದರು. ಅದರ ಕೆಳಗೆ ರೇಣುಕಾಳ ಪ್ರಶ್ನೆ, ಅದರ ಪಕ್ಕದಲ್ಲಿ ಅವಳ ಹೆಸರು.

ನಿಯಮವನ್ನು ಅಲ್ಲೇ ಹೇಳಿದರು. ಉತ್ತರ ಯಾರು ಬೇಕಾದರೂ ಹುಡುಕಬಹುದು. ಅವರೂ ಹುಡುಕುತ್ತಾರೆ, ಭಾನುವಾರಕ್ಕೊಮ್ಮೆ ಗಂಗಾವತಿಗೆ ಹೋಗಿ ತಮಗೆ ಪಾಠ ಮಾಡಿದ್ದ ನಿವೃತ್ತ ಲೆಕ್ಚರರನ್ನು ಕೇಳಿ ಬರುತ್ತಾರೆ. ಉತ್ತರ ಸಿಕ್ಕಿದ ಮೇಲೆ ಪ್ರಶ್ನೆ ಕೇಳಿದವರೇ ಅದನ್ನು ತಮ್ಮ ಮಾತಿನಲ್ಲಿ ತರಗತಿಗೆ ತಿಳಿಸಿ ಹೇಳಬೇಕು. ಎಲ್ಲರೂ ಹೂಂ ಅಂದರೆ, ಕೇಳಿದವರೇ ಒದ್ದೆ ಅರಿವೆಯಿಂದ ಪ್ರಶ್ನೆಯನ್ನು ಒರೆಸಿಬಿಡಬೇಕು.

“ಯಾಕ್ರಿ ಒರಸೂದು? ಇರಲೇಳ್ರಿ,” ಎಂದ ಒಬ್ಬ.

“ತಿಳಿದ ಮ್ಯಾಲ ಅದು ಗ್ವಾಡಿ ಮ್ಯಾಲ ಯಾಕಿರಬೇಕೋ? ನಿನ್ನ ತಲ್ಯಾಗಿರಲಿ.”

ಆ ಮಳೆಗಾಲ ನಮಗೆ ಹುಚ್ಚು ಹಿಡಿದಂತಾಯಿತು. ಗೋಡೆಯ ಮೇಲೆ ಹೆಸರು ಬರಬೇಕೆಂಬ ಹುಚ್ಚು. ಕುಂಟಾಬಿಲ್ಲೆ ಆಡುತ್ತ ಆಡುತ್ತಲೇ ಪ್ರಶ್ನೆ ಹೊಸೆಯುತ್ತಿದ್ದೆವು. ‘ನಾನು’ ಎನ್ನುವುದನ್ನು ಇಂಗ್ಲಿಷಿನಲ್ಲಿ ಯಾವಾಗಲೂ ದೊಡ್ಡಕ್ಷರದಲ್ಲೇ ಯಾಕೆ ಬರೆಯಬೇಕು, ಅವರಿಗೆ ಅಷ್ಟು ಸೊಕ್ಕೇ? ಒಂದು ಕುರಿಯಿದ್ದರೂ ‘ಶೀಪ್’, ನೂರಿದ್ದರೂ ‘ಶೀಪ್’ ಯಾಕೆ? ಇದನ್ನು ಕೇಳಿ ಅಕ್ಕೋರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇದು ತಮ್ಮ ಅಪ್ಪನಿಗೆ ಗೊತ್ತಾದರೆ, ಸಂಜೆ ಹಟ್ಟಿಗೆ ಎಷ್ಟು ಬಂದವು ಎಂದು ಹೇಳುವುದು ಹೇಗೆ ಅಂತ ಇಂಗ್ಲಿಷಿನವರ ಮೇಲೆ ಸಿಟ್ಟಾಗುತ್ತಾನೆ ಅಂದರು.

ನನ್ನ ಅವ್ವನೂ ಒಮ್ಮೆ ಗೋಡೆಯವರೆಗೆ ಬಂದಳು, ನನ್ನ ಮೂಲಕ. ಅಕ್ಕಿಗೂ ‘ರೈಸ್’, ಅನ್ನಕ್ಕೂ ‘ರೈಸ್’ ಎಂದು ನಾನು ಉರು ಹೊಡೆಯುತ್ತಿದ್ದಾಗ ಅವ್ವ ನಾಟಿ ಮುಗಿಸಿ ಬಂದು ಕಾಲಿನ ಕೆಸರು ತಿಕ್ಕಿ ತೊಳೆಯುತ್ತಿದ್ದಳು. ಹೊಲದಲ್ಲಿದ್ದಾಗ ಭತ್ತ, ಡಬ್ಬಿಯಲ್ಲಿದ್ದಾಗ ಅಕ್ಕಿ, ಗಂಗಾಳದಲ್ಲಿದ್ದಾಗ ಅನ್ನ, ಅವರಿಗೆ ಯಾಕೆ ಹೆಸರಿಗೆ ಬರ ಎಂದು, ಆಗಲೇ ಗೋಡೆಯ ಮೇಲಿದ್ದ ನನ್ನ ಪ್ರಶ್ನೆಯನ್ನೇ ಅವಳಿಗೂ ಕೇಳಿದೆ. ಅವ್ವ ತಲೆಯೆತ್ತದೆ, “ಅವರು ನೆಟ್ಟಿಲ್ಲ, ಕುಟ್ಟಿಲ್ಲ. ಉಂಡಾರಷ್ಟ. ಅವರಿಗ್ಯಾಕ ಬೇಕು ಅಷ್ಟ ಹೆಸರು?” ಅಂದಳು. ಮರುದಿನ ಇದನ್ನೇ ತರಗತಿಯಲ್ಲಿ ಹೇಳಿದೆ. ಎಲ್ಲರೂ ಹೂಂ ಅಂದರು. ಅಕ್ಕೋರು, ಈ ಸಲ ಗಂಗಾವತಿಗೆ ಹೋದಾಗ ಲೆಕ್ಚರರಿಗೆ ನಾನೇ ಒಂದು ಉತ್ತರ ಒಯ್ಯುತ್ತೇನೆ ಅಂದರು. ಒದ್ದೆ ಅರಿವೆ ಹಿಡಿದು ಗೋಡೆ ಒರೆಸುವಾಗ ನನ್ನೆದೆ ಉಬ್ಬಿತ್ತು.

ಆ ಉಬ್ಬೇ ಕೆಡಿಸಿತೇನೋ.

ಗಂಗಾವತಿಯ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಓದುತ್ತಿದ್ದ ಚಿಕ್ಕಪ್ಪನ ಮಗ ದಸರೆಗೆ ಬಂದಾಗ ಅವನ ಗೈಡು ನೋಡಿದೆ. ‘ಐ ಆಮ್ ಹ್ಯಾವಿಂಗ್ ಲಂಚ್’ ಸರಿ, ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ತಪ್ಪು ಎಂದು ಅದರಲ್ಲಿತ್ತು. ಯಾಕೆ ಎಂಬುದೂ ಇತ್ತು. ಉತ್ತರವನ್ನು ಬಾಯಿಪಾಠ ಮಾಡಿಕೊಂಡು, ಗೊತ್ತಿಲ್ಲದವಳಂತೆ ಅಕ್ಕೋರನ್ನು ಕೇಳಿದೆ. ಅವರು, ತಪ್ಪು ಅಂತ ಗೊತ್ತು, ಯಾಕೆ ಅಂತ ಬಿಡಿಸಿ ಹೇಳಲು ಬರುತ್ತಿಲ್ಲ, ಗೋಡೆಯ ಮೇಲೆ ಬರೆಯೋಣ ಅಂದರು. ಅವರ ಮಾತು ಮುಗಿಯುವ ಮೊದಲೇ ನಾನು ಉತ್ತರ ಒದರಿಬಿಟ್ಟೆ. ಊಟ ಮಾಡುವುದು ಈಗ ನಡೆಯುತ್ತಿರುವ ಕೆಲಸ, ಅಣ್ಣತಮ್ಮಂದಿರಿರುವುದು ಕೆಲಸವಲ್ಲ, ಇರುವ ಸಂಗತಿ. ಹುಡುಗರು ಚಪ್ಪಾಳೆ ಹೊಡೆದರು.

ಅಕ್ಕೋರು ಚಪ್ಪಾಳೆ ನಿಲ್ಲುವವರೆಗೆ ಕಾದರು.

“ಉತ್ತರ ಛಲೋ ಐತಿ. ಆದ್ರ ಗೊತ್ತಿದ್ದದ್ದನ್ನ ಕೇಳಿದಿ. ಕೇಳೂದು ತಿಳ್ಕೊಳ್ಳಾಕ, ತಂಗಿ. ಗೆಲ್ಲಾಕ ಬ್ಯಾರೆ ಆಟ ಅದಾವ.”

ಅಷ್ಟೇ. ದನಿಯನ್ನೂ ಏರಿಸಲಿಲ್ಲ. ಆದರೆ ರೇಣುಕಾ ಬಾಯಿಗೆ ಕೈ ಅಡ್ಡ ಹಿಡಿದದ್ದು ನನಗೆ ಕಂಡಿತು. ಮನೆಗೆ ಹೋಗುವವರೆಗೂ ಕಿವಿ ಉರಿಯುತ್ತಿದ್ದವು. ಈಗಲೂ ಚರ್ಚೆಯ ವೇದಿಕೆ ಇಳಿದು ಬರುವಾಗ ಒಮ್ಮೊಮ್ಮೆ ಉರಿಯುತ್ತವೆ.

ಕೆಲವು ದಿನಗಳ ನಂತರ ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಒಂದು ಪ್ರಶ್ನೆ ಕೇಳಿದೆ. ಅದಕ್ಕೊಂದು ಹಿನ್ನೆಲೆಯಿದೆ. ಶಾಲೆಯ ಕಮಿಟಿಯ ಅಧ್ಯಕ್ಷರಿಗೆ ನಮ್ಮ ಕಾಲುವೆಯ ಕೆಳಗೆ ದೊಡ್ಡ ಗದ್ದೆಯಿತ್ತು. ಅಪ್ಪನನ್ನು ಗೇಟಿನ ಕೆಲಸಕ್ಕೆ ಹಚ್ಚಿದವರೂ ಅವರೇ, ಕಮಿಟಿಯಲ್ಲಿ ಸದಸ್ಯನಾಗಿ ಕೂರಿಸಿದವರೂ ಅವರೇ. ಒಂದು ಸಂಜೆ ಅವರ ಕಿರಿಯ ಮಗ, ನನಗಿಂತ ಒಂದೆರಡು ವರ್ಷ ದೊಡ್ಡವನಷ್ಟೇ, ಬೈಕಿನ ಮೇಲೆ ಬಂದು ಗೇಟಿನ ಹತ್ತಿರ ನಿಂತ. “ಏ, ನಮ್ಮ ಗದ್ದಿಗೆ ನೀರು ಬಿಟ್ಟೀಯೇನು ನೀ?” ಎಂದು ಅಪ್ಪನನ್ನು ಕೇಳಿದ. ಅಪ್ಪ, ತಲೆಗೂದಲು ಹಣ್ಣಾಗುತ್ತಿದ್ದ ನನ್ನ ಅಪ್ಪ, “ಬಿಟ್ಟೀನ್ರಿ, ಈಗ ಬಿಟ್ಟೀನ್ರಿ” ಅಂದ. ನಾನು ಬುತ್ತಿ ಹಿಡಿದು ಅಲ್ಲೇ ನಿಂತಿದ್ದೆ.

ಮರುದಿನ ಅಕ್ಕೋರನ್ನು ಕೇಳಿದೆ: ನಮ್ಮಲ್ಲಿ ‘ನೀ’ ಒಂದು, ‘ನೀವು’ ಒಂದು, ಇಂಗ್ಲಿಷಿನಲ್ಲಿ ಎಲ್ಲರಿಗೂ ‘ಯೂ’ ಒಂದೇ ಯಾಕೆ? ಇಂಗ್ಲಿಷಿನಲ್ಲಿ ಮಾತಾಡಿದರೆ ಆ ಹುಡುಗ ಅಪ್ಪನಿಗೂ ಅಪ್ಪ ಆ ಹುಡುಗನಿಗೂ ಒಂದೇ ಮಾತು ಅನ್ನಬೇಕಾಗುತ್ತದಲ್ಲ ಎಂಬುದು ನನ್ನ ತಲೆಯಲ್ಲಿದ್ದದ್ದು. ಅದನ್ನು ಹೇಳಲಿಲ್ಲ. ಅಕ್ಕೋರು ನನ್ನ ಮುಖವನ್ನೇ ನೋಡಿದರು. “ಇದು ಛಲೋ ಪ್ರಶ್ನೆ. ನನಗ ಗೊತ್ತಿಲ್ಲ,” ಎಂದು ಸೀಮೆಸುಣ್ಣವನ್ನು ನನ್ನ ಕೈಗೇ ಕೊಟ್ಟರು.

ಅಷ್ಟರಲ್ಲಿ ಕೊಯ್ಲು ಬಂತು. ಕಟಾವಿನ ಮಷಿನ್ನಿಗಾಗಿ ಸರದಿ ಕಾಯುವ ರೈತರು ಬಿಸಿಲಿಗೆ ಶಾಲೆಯ ಹಿಂದಿನ ನೆರಳಿನಲ್ಲಿ ಕೂರುತ್ತಿದ್ದರು. ತೊಟ್ಟಿಯಲ್ಲಿ ಮುಖ ತೊಳೆದು ತಲೆಯೆತ್ತಿದರೆ ಎದುರಿಗೇ ಗೋಡೆ. ‘ಇನ್ನೂ ಗೊತ್ತಿಲ್ಲ’ ಎಂಬ ದೊಡ್ಡ ಅಕ್ಷರ, ಕೆಳಗೆ ನಾಲ್ಕು ಪ್ರಶ್ನೆಗಳು. ಎಂಟು ದಿನದೊಳಗೆ ಮಾತು ಊರೆಲ್ಲ ಹಬ್ಬಿತು. ಕಲಿಸಲು ಬಂದವಳು ತನಗೆ ಏನೇನು ಬರುವುದಿಲ್ಲ ಎಂದು ಗೋಡೆಗೆ ಬರೆದುಕೊಂಡಿದ್ದಾಳಂತೆ. ಒಣಬೇಸಾಯದ ಕಡೆಯಿಂದ ಬಂದವಳಿಗೆ ಇಂಗ್ಲಿಷ್ ಎಲ್ಲಿಂದ ಬರಬೇಕು ಎಂದು ಅಂಗಡಿ ಮುಂದೆ ನಗೆ. ಅಧ್ಯಕ್ಷರ ಸೊಸೆಯ ತಮ್ಮ ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದಾನೆ, ಫಡಫಡ ಇಂಗ್ಲಿಷ್ ಮಾತಾಡುತ್ತಾನೆ ಎಂಬ ಸುದ್ದಿಯೂ ಅದರ ಬೆನ್ನಿಗೇ ಬಂತು.

ಆ ಜನ ಒಂದು ಸಂಗತಿ ನೋಡಲಿಲ್ಲ, ನೋಡುವಂತೆಯೂ ಇರಲಿಲ್ಲ. ಗೋಡೆಯ ಮೇಲೆ ಉಳಿಯುತ್ತಿದ್ದುದು ಉತ್ತರ ಸಿಗದ ಪ್ರಶ್ನೆಗಳಷ್ಟೇ. ಅಕ್ಕೋರು ಹುಡುಕಿ ತಂದದ್ದು, ನಮಗೆ ಕಲಿಸಿದ್ದು, ನಾವು ನಾವೇ ಬಿಡಿಸಿಕೊಂಡದ್ದು ಒಂದೂ ಅಲ್ಲಿರಲಿಲ್ಲ. ಅವನ್ನೆಲ್ಲ ನಮ್ಮ ಕೈಯಿಂದಲೇ ಒರೆಸಿದ್ದೆವು.

ಕಮಿಟಿಯ ಸಭೆ ಒಂದು ಗುರುವಾರ ಮಧ್ಯಾಹ್ನ ಹೆಡ್‌ಮಾಸ್ತರರ ಕೋಣೆಯಲ್ಲಿ ನಡೆಯಿತು. ಅಕ್ಕೋರನ್ನು ಮುಂದುವರಿಸಬೇಕೇ ಬಿಡಬೇಕೇ ಎಂಬುದೇ ವಿಷಯ ಎಂದು ಎಲ್ಲರಿಗೂ ಗೊತ್ತಿತ್ತು. ಅಪ್ಪ ಎದ್ದು ಬಂದು ತರಗತಿಯ ಬಾಗಿಲಲ್ಲಿ ನಿಂತು ನನ್ನನ್ನು ಕರೆದ. ಕೋಣೆಯಲ್ಲಿ ಚಹಾದ ಲೋಟಗಳು, ಒಂದು ತಟ್ಟೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಹೆಡ್‌ಮಾಸ್ತರರು ನನ್ನತ್ತ ನೋಡದೆ ರಿಜಿಸ್ಟರಿನ ಹಾಳೆ ತಿರುವುತ್ತಿದ್ದರು. ಅಧ್ಯಕ್ಷರು ಮೃದುವಾಗಿಯೇ ಕೇಳಿದರು.

“ಗ್ವಾಡಿ ಮ್ಯಾಲ ನಿನ್ನ ಹೆಸರು ಐತೆಲ್ಲ ಯವ್ವಾ. ಪ್ರಶ್ನೆ ನಿಂದ ಏನು?”

“ಹೌದ್ರಿ.”

“ಅಕ್ಕೋರು ಉತ್ತರ ಹೇಳಿದ್ರೇನು?”

“ಇಲ್ರಿ. ಗೊತ್ತಿಲ್ಲಂದ್ರು.”

“ಎಷ್ಟ ದಿನ ಆತು?”

“ಹನ್ನೆರಡು ದಿನ ಆತ್ರಿ.”

“ನೋಡ್ರಿ, ಹುಡುಗಿ ಲೆಕ್ಕ ಇಟ್ಟಾಳ,” ಎಂದು ಅಧ್ಯಕ್ಷರು ನಕ್ಕರು. ಎಲ್ಲರೂ ನಕ್ಕರು. ಅಪ್ಪ ನನ್ನ ನೆತ್ತಿಯ ಮೇಲೆ ಕೈಯಿಟ್ಟ. ಅಷ್ಟು ಜನರೆದುರು ಅವನು ನನ್ನನ್ನು ಮುಟ್ಟಿ ಮೆಚ್ಚಿದ್ದು ಅದೇ ಮೊದಲು.

ನಾನು ಇನ್ನೊಂದು ಲೆಕ್ಕವನ್ನೂ ಇಟ್ಟಿದ್ದೆ. ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ, ಒರೆಸಿದ ಪ್ರಶ್ನೆಗೊಂದು ಗೀಟು. ಅಂದಿಗೆ ಮೂವತ್ತೇಳು ಗೀಟುಗಳಿದ್ದವು. “ಮೂವತ್ತೇಳು ಒರಸೇವ್ರಿ” ಎಂಬ ಎರಡು ಮಾತು ನನ್ನ ನಾಲಗೆಯ ತುದಿಯಲ್ಲಿತ್ತು. ಹೇಳಲಿಲ್ಲ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಕೊಡು, ಎದುರಾಳಿಗೆ ಬೇಕಾದದ್ದನ್ನು ನೀನಾಗಿ ಕೊಡಬೇಡ ಎಂದು ಮುಂದೆ ಕಾಲೇಜಿನಲ್ಲಿ ನನಗೆ ಚರ್ಚೆ ಕಲಿಸಿದವರು ಹೇಳಿದರು. ಆ ವಿದ್ಯೆ ನನಗೆ ಆಗಲೇ ಬರುತ್ತಿತ್ತು. ಗೆಲ್ಲಾಕ ಬ್ಯಾರೆ ಆಟ ಅದಾವ ಅಂದಿದ್ದರಲ್ಲ, ಆ ಸಿಟ್ಟು ನನ್ನೊಳಗೆ ಇನ್ನೂ ಆರಿರಲಿಲ್ಲ ಎಂಬುದನ್ನೂ ಇಲ್ಲಿ ಬರೆಯಬೇಕು. ಬರೆಯದಿದ್ದರೆ ನನ್ನ ಕತೆಯೂ ಅಪ್ಪನ ಕತೆಯಂತೆಯೇ ಆಗುತ್ತದೆ.

ಹೊರಗೆ ಬಂದರೆ ಪಡಸಾಲೆಯಲ್ಲಿ ಅಕ್ಕೋರು ಹಾಜರಿ ಪುಸ್ತಕವನ್ನು ಎದೆಗವಚಿಕೊಂಡು ನಿಂತಿದ್ದರು. ಒಳಗಿನ ಮಾತು ಕೇಳಿಸುವಷ್ಟೇ ದೂರ. ನನ್ನ ಭುಜ ಮುಟ್ಟಿ, “ಪಾಠ ನಡದೈತಿ, ಹೋಗಿ ಕುಂದ್ರು” ಅಂದರು.

ಶುಕ್ರವಾರ, ಶನಿವಾರ ಅವರು ಬರಲಿಲ್ಲ. ಬೇಡವೆಂದು ಹೇಳಿ ಕಳಿಸಿದ್ದಾರೆ ಎಂದು ಗೊತ್ತಾಯಿತು. ಸೋಮವಾರ ಪುಸ್ತಕಗಳನ್ನು ಒಪ್ಪಿಸಲು ಬಂದವರು ಹೆಡ್‌ಮಾಸ್ತರರಿಂದ ಒಂದು ಪಿರಿಯಡ್ ಕೇಳಿ ಪಡೆದು ನಮ್ಮ ತರಗತಿಗೆ ಬಂದರು. ಎಂದಿನ ಹಸಿರು ಸೀರೆ, ಎಂದಿನ ಕೈಚೀಲ. ಅದರಿಂದ ಮಡಚಿದ ಒಂದು ಹಾಳೆ ತೆಗೆದರು. ಭಾನುವಾರ ಗಂಗಾವತಿಗೆ ಹೋಗಿಬಂದಿದ್ದರು. ಕೆಲಸ ಹೋದ ಮೇಲೆ, ನನ್ನ ಪ್ರಶ್ನೆ ಹಿಡಿದುಕೊಂಡು.

ಇಂಗ್ಲಿಷಿನವರಲ್ಲೂ ಹಿಂದೆ ಎರಡಿದ್ದವಂತೆ, ನಮ್ಮ ನೀ, ನೀವು ಇದ್ದ ಹಾಗೆ. ಬರಬರುತ್ತ ಯಾರನ್ನೂ ಹಗುರಾಗಿ ಕರೆಯುವುದು ಬೇಡವೆಂದು ಎಲ್ಲರಿಗೂ ದೊಡ್ಡ ಮಾತನ್ನೇ ಬಳಸತೊಡಗಿದರಂತೆ. ಸಣ್ಣದು ತಾನಾಗಿ ಬಿದ್ದುಹೋಯಿತಂತೆ.

“ಅಂದ್ರ ಈಗ ಉಳದದ್ದು ‘ನೀ’ ಅಲ್ಲ. ‘ನೀವು’,” ಅಂದರು.

“ಹಂಗಾರ ನಾಯಿಗೂ ನೀವು ಅಂತಾರೇನ್ರಿ?” ಎಂದು ಯಾರೋ ಕೇಳಿದರು. ತರಗತಿ ನಕ್ಕಿತು. ಅಕ್ಕೋರೂ ನಕ್ಕರು. ಆಮೇಲೆ ನನ್ನತ್ತ ತಿರುಗಿ, “ಏಳು ಶಿವಲೀಲಾ. ಪ್ರಶ್ನೆ ನಿಂದು. ತಿಳಿಸಿ ಹೇಳು,” ಅಂದರು.

ಎದ್ದು ನಿಂತೆ. ಬಾಯಿ ತೆರೆದರೆ ಅಳು ಬರುತ್ತದೆ ಎಂದು ಹಲ್ಲು ಕಚ್ಚಿದ್ದೆ. ಅವರು ಕಾದರು. ರೇಣುಕಾ ಎದ್ದು ನನ್ನ ಬದಲು ಹೇಳಿದಳು, ಎಲ್ಲರೂ ಹೂಂ ಅಂದರು. ನಾನು ಅರಿವೆ ಒದ್ದೆ ಮಾಡಿಕೊಂಡು ಹೋಗಿ ಗೋಡೆ ಒರೆಸಿದೆ. ಮರಳಿ ಬರುವಷ್ಟರಲ್ಲಿ ಪಿರಿಯಡ್ ಮುಗಿದು ಅವರು ಟಂಟಂ ಹತ್ತಿದ್ದರು. ಆ ವಾರವೇ ಅಧ್ಯಕ್ಷರ ಸೊಸೆಯ ತಮ್ಮ ಬಂದ. ಅವನಿಗೆ ಗೊತ್ತಿಲ್ಲದ ಪ್ರಶ್ನೆಯೇ ಇರಲಿಲ್ಲ, ಯಾಕೆಂದರೆ ಅವನು ಕೇಳಲು ಬಿಡುತ್ತಿರಲಿಲ್ಲ.

ಈಗ ಆ ಗೋಡೆಗೆ ರೈಲಿನ ಚಿತ್ರ ಬಳಿದಿದ್ದಾರೆ. ಪ್ರತಿ ಡಬ್ಬಿಯಲ್ಲೊಂದು ಇಂಗ್ಲಿಷ್ ಅಕ್ಷರ. ಮಕ್ಕಳು ನಾವು ಕೇಳುತ್ತಿದ್ದ ಪ್ರಶ್ನೆಗಳನ್ನೇ ಫೋನಿಗೆ ಕೇಳುತ್ತಾರೆ, ಅದು ಗಳಿಗೆಯಲ್ಲಿ ಹೇಳುತ್ತದೆ. ಫೋನು ಕೆಟ್ಟದ್ದು ಎಂದು ವಾದಿಸಲು ನಾನು ಬಂದಿಲ್ಲ. ನನಗೂ ಅದು ಬೇಕು. ಆದರೆ ನಲವತ್ತು ಮಕ್ಕಳೆದುರು ನಿಂತು ನನಗೆ ಗೊತ್ತಿಲ್ಲ ಅಂದು, ಗೊತ್ತುಮಾಡಿಕೊಳ್ಳಲು ಭಾನುವಾರ ಬಸ್ಸು ಹತ್ತಿ ಹೋಗುತ್ತಿದ್ದ ಮನುಷ್ಯರನ್ನು ನಾನು ಆಮೇಲೆ ಕಾಣಲಿಲ್ಲ. ಇಷ್ಟು ವರ್ಷ ಚರ್ಚೆ ಮಾಡಿದೆ. ವೇದಿಕೆಯ ಮೇಲೆ ಒಂದು ಸಲವೂ ಆ ಮಾತು ನನ್ನ ಬಾಯಿಂದ ಬಂದಿಲ್ಲ. ಬಂದಿದ್ದರೆ ಬಹುಮಾನ ಬರುತ್ತಿರಲಿಲ್ಲ. ಅಕ್ಕೋರು ಕುಷ್ಟಗಿ ಕಡೆ ಯಾವುದೋ ಹಾಸ್ಟೆಲಿನಲ್ಲಿ ಕೆಲಸಕ್ಕಿದ್ದಾರೆಂದು ರೇಣುಕಾ ಒಮ್ಮೆ ಹೇಳಿದಳು. ಕುಷ್ಟಗಿ ಇಲ್ಲಿಂದ ದೂರವೇನಲ್ಲ. ನಾನು ಹೋಗಿಲ್ಲ.

ಕಳೆದ ತಿಂಗಳು ಮನೆಗೆ ಹೋದಾಗ ಅಪ್ಪ ಅಂಗಳದಲ್ಲಿ ಬೀಗರೊಬ್ಬರಿಗೆ ಮತ್ತೆ ಅದೇ ಕತೆ ಹೇಳುತ್ತಿದ್ದ. ಅವರು ಹೋಗುವವರೆಗೆ ಕಾದೆ. ಎಮ್ಮೆಗೆ ಹುಲ್ಲು ಹಾಕಲು ಎದ್ದವನ ಹಿಂದೆಯೇ ಹೋದೆ. ಹನ್ನೆರಡು ದಿನ ಎಂಬ ನನ್ನ ಮಾತೇ ಅಕ್ಕೋರನ್ನು ಕಳಿಸಿತು ಎಂದು ಇಷ್ಟು ವರ್ಷ ಹೊತ್ತು ತಿರುಗಿದ್ದೇನೆ. ಆದರೆ ಸೊಸೆಯ ತಮ್ಮನ ಸುದ್ದಿ ಸಭೆಗಿಂತ ಮೊದಲೇ ಊರಲ್ಲಿತ್ತು. ಸಭೆಯ ತೀರ್ಮಾನ ಮೊದಲೇ ಆಗಿದ್ದರೆ, ತರಗತಿಯ ಬಾಗಿಲಿಗೆ ಬಂದು ನನ್ನನ್ನು ಕರೆಯುವ ಅಗತ್ಯ ಯಾರಿಗಿತ್ತು? ವಾದ ಮಾಡಲು ಹೋಗಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಾಗಿತ್ತು, ಕೇಳಿಬಿಟ್ಟೆ. ಅಪ್ಪ ಹುಲ್ಲಿನ ಸಿವುಡು ಬಿಚ್ಚಿ ಎಮ್ಮೆಯ ಮುಂದೆ ಹರವಿ, ಇನ್ನೊಂದು ತರಲು ಬಣವೆಯ ಕಡೆ ನಡೆದ. ಅವನನ್ನು ಕೇಳಿದ್ದನ್ನೇ ಇಲ್ಲಿ ಮತ್ತೆ ಕೇಳುತ್ತಿದ್ದೇನೆ.

“ಯಪ್ಪಾ, ಅವತ್ತು ನಾ ‘ಅಕ್ಕೋರು ಮೂವತ್ತೇಳು ಕಲಿಸ್ಯಾರ್ರಿ’ ಅಂದಿದ್ರ, ನೀವು ಕಮಿಟಿಯವರು ಅವರನ್ನ ಸಾಲ್ಯಾಗ ಉಳಿಸ್ಕೊಂತಿದ್ರೇನು?”